ಎಲುಬು ಟೈಟಾನಿಯಂ ಅನ್ನು ಹಿಡಿಯುವುದು ಹೇಗೆ? ಅವ್ವನ ಇಂಪ್ಲಾಂಟ್ ಬಗ್ಗೆ ಕೇಳಿದ ಶಿಕ್ಷಕರಿಗೆ ಉತ್ತರ

ಪ್ರಶ್ನೆ: ನಾನು ಸುರಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಶಾಲಾ ಶಿಕ್ಷಕ. ನಮ್ಮ ಅವ್ವನಿಗೆ 61 ವರ್ಷ. ಕೆಳಗಿನ ಬಲಗಡೆಯ ಕೊನೆಯ ಎರಡು ದವಡೆಹಲ್ಲು ತೆಗೆಸಿ ಒಂದೂವರೆ ವರ್ಷ ಆಯಿತು. ಎಂಟು ವರ್ಷದಿಂದ ಶುಗರ್ ಇದೆ, ಮೂರು ತಿಂಗಳ ಸರಾಸರಿ (HbA1c) ಈಗ 8.4. ಎಲೆ-ಅಡಿಕೆಯ ಜೊತೆ ತಂಬಾಕು ಹಾಕುತ್ತಾಳೆ. ಕಲಬುರಗಿಯ ಡಾಕ್ಟರು ಸ್ಯಾಂಡ್ ಬ್ಲಾಸ್ಟ್ ಮಾಡಿ ಆಸಿಡ್‌ನಲ್ಲಿ ಅದ್ದಿದ ಇಂಪ್ಲಾಂಟ್ (ಹಲ್ಲಿನ ಬೇರಿನ ಬದಲು ದವಡೆಯ ಎಲುಬಿಗೆ ಕೂರಿಸುವ ಟೈಟಾನಿಯಂ ಸ್ಕ್ರೂ) ಹಾಕುತ್ತೇನೆ, ಒಂದಕ್ಕೆ 28,000 ರೂಪಾಯಿ, ಮೂರು ತಿಂಗಳು ಕಾಯಬೇಕು ಅಂದರು. ಹೈದರಾಬಾದಿನ ಕ್ಲಿನಿಕ್ ಒಂದರಲ್ಲಿ ‘ನಮ್ಮದು ಆಕ್ಟಿವ್ ಮೇಲ್ಮೈ, ಎಲುಬಿನ ಜೀವಕೋಶಗಳು ತಾವಾಗಿ ಬಂದು ಅಂಟಿಕೊಳ್ಳುತ್ತವೆ, ನಾಲ್ಕೇ ವಾರಕ್ಕೆ ಹಲ್ಲು, ಒಂದಕ್ಕೆ 55,000’ ಅಂದರು. ಮೆಕ್ಯಾನಿಕಲ್ ಓದಿದ ನಮ್ಮ ಕಾಕಾನ ಮಗ, ಎಷ್ಟು ಒರಟೋ ಅಷ್ಟು ಗಟ್ಟಿ, ಶಹಾಬಾದಿ ಕಲ್ಲಿನ ಒರಟು ಬದಿಗೆ ಸಿಮೆಂಟ್ ಹಿಡಿಯುವ ಹಾಗೆ ಅನ್ನುತ್ತಾನೆ. ಊರಲ್ಲಿ ಕೆಲವರು ಲೋಹ ತುಕ್ಕು ಹಿಡಿದು ಕ್ಯಾನ್ಸರ್ ಆಗುತ್ತದೆ ಅನ್ನುತ್ತಾರೆ. ನಮ್ಮ ಬೋರ್ ನೀರಿನಲ್ಲಿ ಫ್ಲೋರೈಡ್ ಬೇರೆ ಇದೆ. ಏನು ಮಾಡಲಿ? ಅವ್ವ ಕೇಳೋದು ಇಷ್ಟೇ: “ಖಡಕ್ ರೊಟ್ಟಿ ಕಡೀಲಿಕ್ಕೆ ಬರ್ತದೋ ಇಲ್ಲೋ, ಅದನ್ನ ಕೇಳು.”

ಉತ್ತರ:

ಗುರುಗಳೇ,

ನಿಮ್ಮ ಪತ್ರದಲ್ಲಿ ಐದಾರು ಪ್ರಶ್ನೆ ಇದ್ದರೂ ಒಳಗಿನ ಚಿಂತೆ ಒಂದೇ ಎಂದು ನನಗೆ ಕಾಣುತ್ತದೆ. ಎರಡು ಹಲ್ಲಿಗೆ 54,000 ರೂಪಾಯಿ ಹೆಚ್ಚು ಕೊಟ್ಟರೆ ಅವ್ವನಿಗೆ ಅಷ್ಟರ ಲಾಭ ಸಿಗುತ್ತದೆಯೇ, ಕೊಡದಿದ್ದರೆ ಹೆತ್ತವಳಿಗೆ ಕಡಿಮೆ ಮಾಡಿದ ಹಾಗೆ ಆಗುತ್ತದೆಯೇ? ಇಪ್ಪತ್ತೆರಡು ವರ್ಷದಿಂದ ಕಲಬುರಗಿಯಲ್ಲಿ ಇದೇ ಕೆಲಸ ಮಾಡುತ್ತಿದ್ದೇನೆ. ಕುರ್ಚಿಯ ಪಕ್ಕ ನಿಂತ ಮಕ್ಕಳ ಮುಖದಲ್ಲಿ ಈ ಪ್ರಶ್ನೆಯನ್ನು ಎಷ್ಟೋ ಸಲ ನೋಡಿದ್ದೇನೆ. ಹಾಗಾಗಿ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಮೇಲ್ಮೈ ಮುಖ್ಯ, ಅದು ಬರೀ ಜಾಹೀರಾತಿನ ಮಾತಲ್ಲ. ಆದರೆ ಅದರ ಕೆಲಸವೆಲ್ಲ ಮೊದಲ ಎರಡು-ಮೂರು ತಿಂಗಳದ್ದು. ನಿಮ್ಮ ಅವ್ವನ ಬಾಯಲ್ಲಿ ಆ ಕೆಲಸಕ್ಕೆ ಅಡ್ಡ ನಿಂತಿರುವುದು 8.4 ಮತ್ತು ತಂಬಾಕು. ಅವೆರಡನ್ನು ಸರಿಪಡಿಸಲು ಮೊದಲು ಪ್ರಯತ್ನಿಸದೆ 55,000ದ ಮೇಲ್ಮೈಯೂ ನಿಮ್ಮ ಹಣಕ್ಕೆ ನ್ಯಾಯ ಒದಗಿಸಲಾರದು.

ಊರವರ ಮಾತನ್ನು ಮೊದಲು ಮುಗಿಸೋಣ. ಟೈಟಾನಿಯಂ ಗಾಳಿಗೆ ತಾಗಿದ ಕ್ಷಣದಲ್ಲೇ ಅದರ ಮೈಮೇಲೆ ಆಕ್ಸೈಡಿನ ಪೊರೆ ಕಟ್ಟುತ್ತದೆ, ದಪ್ಪ ಕೆಲವೇ ನ್ಯಾನೊಮೀಟರ್. ಗೀಚಿದರೆ ಮತ್ತೆ ಕಟ್ಟಿಕೊಳ್ಳುತ್ತದೆ. ಕಬ್ಬಿಣದ ತುಕ್ಕು ಉದುರುತ್ತಾ ಒಳಗಿನ ಲೋಹವನ್ನು ತಿನ್ನುತ್ತದೆ, ಈ ಪೊರೆ ಒಳಗಿನ ಲೋಹವನ್ನು ಕಾಯುತ್ತದೆ. ಇನ್ನು ಕ್ಯಾನ್ಸರ್: ಟೈಟಾನಿಯಂ ಇಂಪ್ಲಾಂಟಿನಿಂದ ಬಾಯಿ ಕ್ಯಾನ್ಸರ್ ಬರುತ್ತದೆ ಎನ್ನಲು ಆಧಾರವಿಲ್ಲ. ಬಾಯಲ್ಲಿ ಇಟ್ಟುಕೊಳ್ಳುವ ತಂಬಾಕಿನಿಂದ ಬರುತ್ತದೆ ಎನ್ನಲು ಬೇಕಾದಷ್ಟಿದೆ. ಅಡಿಕೆಯೂ ಅದರಿಂದ ಹೊರತಲ್ಲ.

ಎಲುಬು ಈ ಲೋಹವನ್ನು ಒಪ್ಪುತ್ತದೆ ಎಂಬುದು ಗೊತ್ತಾದದ್ದೇ ಆಕಸ್ಮಿಕವಾಗಿ. 1950ರ ದಶಕದಲ್ಲಿ ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ ಎಂಬ ಸಂಶೋಧಕರು ಎಲುಬಿನೊಳಗೆ ರಕ್ತ ಹರಿಯುವುದನ್ನು ನೋಡಲು ಮೊಲದ ಕಾಲೆಲುಬಿನಲ್ಲಿ ಟೈಟಾನಿಯಂನ ಸಣ್ಣ ಕೊಳವೆ ಕೂರಿಸಿದ್ದರು. ಕೆಲಸ ಮುಗಿದ ಮೇಲೆ ತೆಗೆಯಲು ಹೋದರೆ ಬರಲಿಲ್ಲ, ಎಲುಬು ಅದನ್ನು ತನ್ನದಾಗಿ ಮಾಡಿಕೊಂಡಿತ್ತು. 1965ರಲ್ಲಿ ಅವರು ಮೊದಲ ರೋಗಿಯ ದವಡೆಗೆ ಟೈಟಾನಿಯಂ ಸ್ಕ್ರೂ ಹಾಕಿದರು. ಆ ರೋಗಿ ನಾಲ್ಕು ದಶಕ ಅವುಗಳ ಮೇಲೆಯೇ ಊಟ ಮಾಡಿದರು. ಇಲ್ಲಿ ಗಮನಿಸಬೇಕಾದದ್ದೊಂದಿದೆ. ಆ ಸ್ಕ್ರೂಗಳಿಗೆ ಯಾವ ಸಂಸ್ಕಾರವೂ ಇರಲಿಲ್ಲ, ಲೇಥ್‌ನಲ್ಲಿ ಕಡೆದ ನುಣುಪು ಲೋಹ ಅಷ್ಟೇ. ಆದರೆ ಆ ಕಾಲದಲ್ಲಿ ಕೆಳದವಡೆಗೆ ಮೂರು ತಿಂಗಳು, ಮೇಲ್ದವಡೆಗೆ ಆರು ತಿಂಗಳು ಕಾಯುತ್ತಿದ್ದರು. ಮೆದು ಎಲುಬಿನಲ್ಲಿ ನುಣುಪು ಸ್ಕ್ರೂಗಳು ಹೆಚ್ಚು ಸೋಲುತ್ತಿದ್ದವು. ಈ ಎರಡು ಕೊರತೆ ತುಂಬಲು ಬಂದದ್ದೇ ಮೇಲ್ಮೈ ಸಂಸ್ಕಾರ.

ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಇಂಪ್ಲಾಂಟನ್ನು ಒಮ್ಮೆ ತೋರಿಸಿ ಎಂದು ಕೇಳಿ. ಮೇಲಿನ ಕೊರಳು ಅನೇಕ ಕಂಪನಿಗಳಲ್ಲಿ ಹೊಳೆಯುತ್ತಿರುತ್ತದೆ. ಅದರ ಕೆಳಗಿನ ಸ್ಕ್ರೂ ಭಾಗ ಬೂದಿ ಬಣ್ಣ, ಹೊಳಪೇ ಇಲ್ಲ. ಅಲ್ಲಿಗೆ ಕಾಲು ಮಿಲಿಮೀಟರಿನಿಂದ ಅರ್ಧ ಮಿಲಿಮೀಟರ್ ಗಾತ್ರದ ಅಲ್ಯುಮಿನಾ ಹರಳುಗಳನ್ನು ರಭಸದಿಂದ ಹೊಡೆದಿರುತ್ತಾರೆ. ಆಮೇಲೆ ಬಿಸಿ ಹೈಡ್ರೋಕ್ಲೋರಿಕ್ ಮತ್ತು ಸಲ್ಫ್ಯೂರಿಕ್ ಆಸಿಡ್‌ನಲ್ಲಿ ಅದ್ದುತ್ತಾರೆ. ಹರಳು ದೊಡ್ಡ ಗುಳಿ ಮಾಡುತ್ತದೆ, 20-40 ಮೈಕ್ರಾನ್ ಅಗಲ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ). ಆಸಿಡ್ ಆ ಗುಳಿಯೊಳಗೆ ಎರಡು-ಮೂರು ಮೈಕ್ರಾನಿನ ಸಣ್ಣ ಕುಳಿಗಳನ್ನು ಕೊರೆಯುತ್ತದೆ. ಕಲಬುರಗಿಯ ಡಾಕ್ಟರು ಹೇಳಿದ್ದು ಇದನ್ನೇ. ಬೀದರ್‌ನಲ್ಲಿ ಬಿದರಿ ಕೆಲಸ ನೋಡಿದ್ದರೆ ನಿಮಗೆ ಬೇಗ ಅರ್ಥವಾಗುತ್ತದೆ. ಉಳಿಯಿಂದ ಕೊರೆದ ಗೀರಿನಲ್ಲಿ ಬೆಳ್ಳಿ ಹಿಡಿದು ಕೂರುತ್ತದೆ. ಕೊನೆಗೆ ಕೋಟೆಯ ಮಣ್ಣು, ನವಸಾಗರ ಹಾಕಿ ತಿಕ್ಕಿದಾಗ ಸತುವಿನ ಮೈ ಮಾತ್ರ ಕಪ್ಪಾಗುತ್ತದೆ, ಒಳಗಿನ ಲೋಹ ಇದ್ದ ಹಾಗೇ ಇರುತ್ತದೆ. ಇಲ್ಲಿಯೂ ಅಷ್ಟೇ: ಬದಲಾಗುವುದು ತೊಗಲು, ಸ್ಕ್ರೂವಿನ ಗಟ್ಟಿತನ ಅಲ್ಲ.

ಈಗ ನಿಮ್ಮ ಕಾಕಾನ ಮಗನ ಶಹಾಬಾದಿ ಕಲ್ಲಿಗೆ ಬರೋಣ. ಅವರ ಮಾತು ಅರ್ಧ ಸರಿ. ಒರಟು ಮೇಲ್ಮೈಯ ಗುಳಿಗಳೊಳಗೆ ಎಲುಬು ಬೆಳೆದರೆ ಕಚ್ಚಿಕೊಳ್ಳುತ್ತದೆ ನಿಜ. ಆದರೆ ಸಿಮೆಂಟ್ ಸತ್ತ ವಸ್ತು, ಸುರಿದಲ್ಲಿ ಕೂರುತ್ತದೆ. ಎಲುಬಿನ ಜೀವಕೋಶ ಜೀವವಿರುವಂಥದ್ದು. ಅದು ಬರಬೇಕು, ಕೈಯಾಡಿಸಿ ನೋಡಬೇಕು, ಇಲ್ಲಿ ಮನೆ ಕಟ್ಟಬಹುದು ಎಂದು ತೀರ್ಮಾನಿಸಬೇಕು.

ಅದಕ್ಕೂ ಮೊದಲು ಲೋಹವನ್ನು ಮುಟ್ಟುವುದು ರಕ್ತ. ಕಣ್ಣು ಮುಚ್ಚಿ ತೆಗೆಯುವುದರಲ್ಲಿ ನೀರು, ಲವಣ ಮೇಲ್ಮೈಗೆ ಹತ್ತುತ್ತವೆ. ಹಿಂದೆಯೇ ರಕ್ತದ ಪ್ರೋಟೀನ್‌ಗಳು ಬಂದು ಹಾಸಿಕೊಳ್ಳುತ್ತವೆ: ಅಲ್ಬುಮಿನ್, ಫೈಬ್ರಿನೋಜೆನ್, ಫೈಬ್ರೊನೆಕ್ಟಿನ್, ವಿಟ್ರೊನೆಕ್ಟಿನ್. ಜೀವಕೋಶ ಬರಿ ಲೋಹವನ್ನು ಎಂದೂ ಮುಟ್ಟುವುದಿಲ್ಲ, ಈ ಪ್ರೋಟೀನ್ ಚಾಪೆಯ ಮೇಲೆಯೇ ಕಾಲಿಡುತ್ತದೆ. ಅದರ ಮೈಮೇಲೆ ಇಂಟೆಗ್ರಿನ್ ಎಂಬ ಹಿಡಿಕೆಗಳಿವೆ, ಅವು ಚಾಪೆಯ ಫೈಬ್ರೊನೆಕ್ಟಿನ್, ವಿಟ್ರೊನೆಕ್ಟಿನ್‌ಗಳನ್ನು ಹಿಡಿಯುತ್ತವೆ. ಚಾಪೆ ಸರಿಯಾಗಿ ಹಾಸಿದ್ದರೆ ಹಿಡಿತ ಗಟ್ಟಿ. ಹಾಗಾಗಿ ಮೇಲ್ಮೈ ಸಂಸ್ಕಾರ ಎಂದರೆ, ನನ್ನ ದೃಷ್ಟಿಯಲ್ಲಿ, ಜೀವಕೋಶಕ್ಕೆ ಮಾಡುವ ಉಪಚಾರಕ್ಕಿಂತ ಮೊದಲು ರಕ್ತಕ್ಕೆ ಮಾಡುವ ಉಪಚಾರ.

ರಕ್ತ ಹೆಪ್ಪುಗಟ್ಟಿದ ಮೇಲೆ ಫೈಬ್ರಿನ್ ಎಳೆಗಳು ಎಲುಬಿನ ಗೋಡೆಯಿಂದ ಸ್ಕ್ರೂವರೆಗೆ ಜಾಲದಂತೆ ಹರಡುತ್ತವೆ. ಎಲುಬು ಕಟ್ಟುವ ಕೋಶಗಳು ಈ ಎಳೆಗಳನ್ನು ಹಿಡಿದು, ಜಗ್ಗುತ್ತಾ, ಸ್ಕ್ರೂ ಕಡೆ ನಡೆದು ಬರುತ್ತವೆ. ನುಣುಪು ಲೋಹದಿಂದ ಆ ಜಗ್ಗಾಟಕ್ಕೆ ಎಳೆ ಕಿತ್ತು ಬರಬಹುದು. ಆಗ ಕೋಶ ಅರ್ಧದಾರಿಯಲ್ಲೇ ನಿಂತು ಎಲುಬು ಕಟ್ಟಲು ಶುರು ಮಾಡುತ್ತದೆ, ಎಲುಬು ಗೋಡೆಯ ಕಡೆಯಿಂದ ನಿಧಾನಕ್ಕೆ ಲೋಹದತ್ತ ಬರುತ್ತದೆ. ಒರಟು ಮೈ ಎಳೆಗಳನ್ನು ಬಿಡುವುದಿಲ್ಲ. ಕೋಶ ಲೋಹದವರೆಗೂ ಬಂದು ಅಲ್ಲಿಂದಲೇ ಎಲುಬು ಹಾಕಲು ತೊಡಗುತ್ತದೆ. ಎರಡೂ ಕಡೆಯಿಂದ ಕೆಲಸ ನಡೆದರೆ ಬೇಗ ಮುಗಿಯುತ್ತದಲ್ಲವೇ?

ಪ್ರಯೋಗಾಲಯದಲ್ಲಿ ಕಂಡ ಇನ್ನೊಂದು ಸಂಗತಿ ನನಗೆ ಇಂದಿಗೂ ಬೆರಗು. ನುಣುಪು ಟೈಟಾನಿಯಂ ಬಿಲ್ಲೆಯ ಮೇಲೆ ಬಿಟ್ಟ ಕೋಶಗಳು ಚಪ್ಪಟೆಯಾಗಿ ಹರಡಿಕೊಂಡು ಬೇಗ ಬೇಗ ಸಂಖ್ಯೆ ಹೆಚ್ಚಿಸಿಕೊಳ್ಳುತ್ತವೆ. ಒರಟು ಬಿಲ್ಲೆಯ ಮೇಲೆ ಸಂಖ್ಯೆ ಕಡಿಮೆ, ಆದರೆ ಇರುವ ಕೋಶಗಳು ಬೇಗ ಬಲಿಯುತ್ತವೆ, ಆಸ್ಟಿಯೋಕ್ಯಾಲ್ಸಿನ್‌ನಂಥ ಎಲುಬಿನ ಪ್ರೋಟೀನನ್ನು ಹೆಚ್ಚು ಹೊರಬಿಡುತ್ತವೆ. ಕೋಶದ ಗಾತ್ರ ಸುಮಾರು 20-30 ಮೈಕ್ರಾನ್. ಅಂದರೆ ಹರಳು ಮಾಡಿದ ಗುಳಿ ಅದಕ್ಕೆ ಒಂದು ಕೋಣೆಯಷ್ಟು, ಆಸಿಡ್ ಕೊರೆದ ಕುಳಿ ಅದರ ಬೆರಳೂರಲು ಸಿಕ್ಕ ಮೆಟ್ಟಿಲು. ‘ಎಷ್ಟು ಕೋಶ ಅಂಟಿಕೊಂಡವು’ ಎಂದು ಮಾತ್ರ ತೋರಿಸುವ ಜಾಹೀರಾತನ್ನು ನಾನು ನಂಬದಿರುವುದು ಇದಕ್ಕೇ. ಅಂಟಿಕೊಂಡ ಕೋಶ ಎಲುಬು ಹಾಕಿತೇ ಎಂಬುದು ಮುಖ್ಯ.

ಹಾಗಾದರೆ ಇನ್ನೂ ಒರಟು ಮಾಡಿದರೆ? ಮಾಡಿ ನೋಡಿದ್ದಾರೆ. ಕರಗಿದ ಟೈಟಾನಿಯಂ ಸಿಂಪಡಿಸಿದ ತುಂಬಾ ಒರಟಾದ ಮೇಲ್ಮೈಗಳು ಒಂದು ಕಾಲದಲ್ಲಿ ಬಂದವು. ಎಲುಬಿನ ಖನಿಜವನ್ನೇ ಹೋಲುವ ಹೈಡ್ರಾಕ್ಸಿಅಪಟೈಟ್ ಲೇಪನವೂ ಬಂತು. ಲೇಪಿಸಿದ ಇಂಪ್ಲಾಂಟ್‌ಗಳು ಬೇಗ ಹಿಡಿಯುತ್ತಿದ್ದವು, ಆದರೆ ಕೆಲವದರಲ್ಲಿ ದಪ್ಪ ಲೇಪನ ಮುಂದೆ ಪದರಾಗಿ ಬಿಡಲಾರಂಭಿಸಿತು. ಅತಿ ಒರಟು ಮೇಲ್ಮೈ ಒಸಡು ಸರಿದು ಹೊರಗೆ ಬಿದ್ದಾಗ ಕೋಶಕ್ಕಿಂತ ಬೇಗ ಕೊಳೆ ಮತ್ತು ಕ್ರಿಮಿಗಳು ಮನೆ ಮಾಡಿದವು. ಈಗಿನ ಬಹುತೇಕ ಒಳ್ಳೆಯ ಇಂಪ್ಲಾಂಟ್‌ಗಳು ಸರಾಸರಿ ಏರಿಳಿತ 1ರಿಂದ 2 ಮೈಕ್ರಾನ್ ಇರುವ ಮಧ್ಯಮ ಒರಟಿಗೆ ಬಂದು ನಿಂತಿವೆ. ಸ್ಯಾಂಡ್ ಬ್ಲಾಸ್ಟ್ ಮಾಡಿ ಆಸಿಡ್‌ಗೆ ಅದ್ದಿದ್ದು ಇದರಲ್ಲೇ ಬರುತ್ತದೆ, ವಿದ್ಯುತ್ ಹಾಯಿಸಿ ಆಕ್ಸೈಡ್ ಪೊರೆ ದಪ್ಪ ಮಾಡಿದ್ದೂ ಇದರಲ್ಲೇ.

‘ಆಕ್ಟಿವ್’ ಅನ್ನುವುದು ಏನು? ಆಸಿಡ್‌ನಿಂದ ಹೊರಬಂದ ಟೈಟಾನಿಯಂ ನೀರನ್ನು ಬಹಳ ಇಷ್ಟಪಡುತ್ತದೆ. ಆದರೆ ಗಾಳಿಯಲ್ಲಿಟ್ಟರೆ ಗಾಳಿಯಲ್ಲಿರುವ ಹೈಡ್ರೋಕಾರ್ಬನ್ ಕಣಗಳು ಅದರ ಮೇಲೆ ಕೂತು, ವಾರಗಳಲ್ಲಿ ಅದು ನೀರನ್ನು ದೂಡುವಂತಾಗುತ್ತದೆ. ಅದಕ್ಕೆ ಕೆಲವು ಕಂಪನಿಗಳು ಆಸಿಡ್ ಆದ ಕೂಡಲೇ ಗಾಳಿ ತಾಗಿಸದೆ ಇಂಪ್ಲಾಂಟನ್ನು ಸಲೈನ್‌ನಲ್ಲಿ ಮುಳುಗಿಸಿ ಸೀಲ್ ಮಾಡುತ್ತವೆ. ಇದರ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಒಣ ಇಂಪ್ಲಾಂಟನ್ನು ಎಲುಬಿನ ಬಾಯಿಗೆ ಹಿಡಿದರೆ ರಕ್ತ ಥ್ರೆಡ್‌ಗಳ ಅಂಚಿನಲ್ಲಿ ಹನಿಯಾಗಿ ನಿಂತು ಯೋಚಿಸುವ ಹಾಗೆ ತೋರುತ್ತದೆ. ಸಲೈನ್‌ನಿಂದ ತೆಗೆದದ್ದರ ಮೇಲೆ ರಕ್ತ ಬತ್ತಿಗೆ ಎಣ್ಣೆ ಏರಿದ ಹಾಗೆ ಒಂದೊಂದೇ ಥ್ರೆಡ್ ದಾಟಿ ಮೇಲೆ ಹತ್ತುತ್ತದೆ. ಆದ್ದರಿಂದ ಹೈದರಾಬಾದಿನವರು ಹೇಳಿದ್ದು ಸುಳ್ಳಲ್ಲ. ಒಳ್ಳೆಯ ಎಲುಬು, ಬೇರೆ ರೋಗವಿಲ್ಲದ ಮನುಷ್ಯ, ಇಂಥ ಮೇಲ್ಮೈ ಸೇರಿದರೆ ಮೂರು-ನಾಲ್ಕು ವಾರಕ್ಕೆ ಹಲ್ಲು ಕೂರಿಸಿದ ದಾಖಲೆಗಳಿವೆ. ಸಾಮಾನ್ಯ ಸ್ಯಾಂಡ್ ಬ್ಲಾಸ್ಟ್-ಆಸಿಡ್ ಮೇಲ್ಮೈಗೆ ಅಂಥದೇ ಸ್ಥಿತಿಯಲ್ಲಿ ಆರರಿಂದ ಎಂಟು ವಾರ ಸಾಕು. ಅವರು ಹೇಳದೆ ಬಿಟ್ಟದ್ದು, ಆ ನಾಲ್ಕು ವಾರದ ಲೆಕ್ಕ ನಿಮ್ಮ ಅವ್ವನಂಥವರದ್ದಲ್ಲ ಎಂಬುದನ್ನು.

ಯಾಕೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಂಪ್ಲಾಂಟ್ ಹಾಕಿದ ದಿನ ಅದು ಗಟ್ಟಿಯಾಗಿಯೇ ಇರುತ್ತದೆ, ಗೋಡೆಗೆ ಹೊಡೆದ ಗೂಟದ ಹಾಗೆ. ಆದರೆ ಕೊರೆದಾಗ ಪೆಟ್ಟು ತಿಂದ ಹಳೆ ಎಲುಬನ್ನು ದೇಹ ಮೊದಲು ಕರಗಿಸುತ್ತದೆ, ಹೊಸದು ಆಮೇಲೆ ಬರುತ್ತದೆ. ಹಳೆಯದು ಹೋಗಿ ಹೊಸದು ಪೂರ್ತಿ ಬಾರದ ಆ ನಡುಗಾಲ, ಸುಮಾರು ಎರಡರಿಂದ ನಾಲ್ಕನೇ ವಾರ, ಇಂಪ್ಲಾಂಟಿನ ಅತಿ ದುರ್ಬಲ ಕಾಲ. ಆಗ ಸ್ಕ್ರೂ 100-150 ಮೈಕ್ರಾನಿಗಿಂತ ಹೆಚ್ಚು, ಅಂದರೆ ಒಂದೆರಡು ತಲೆಕೂದಲಿನ ದಪ್ಪದಷ್ಟು, ಪದೇ ಪದೇ ಅಲುಗಿದರೂ ಕೋಶಗಳು ಎಲುಬಿನ ಬದಲು ನಾರು ಹೆಣೆಯುತ್ತವೆ. ಒಳ್ಳೆಯ ಮೇಲ್ಮೈಯ ನಿಜವಾದ ಉಪಕಾರ ಗಟ್ಟಿತನದ ಈ ತಗ್ಗನ್ನು ಆಳವಾಗಲು ಬಿಡದಿರುವುದು. ಶುಗರ್ ಹತೋಟಿಯಲ್ಲಿ ಇಲ್ಲದವರಲ್ಲಿ ಹೊಸ ಎಲುಬು ನಿಧಾನ, ಸಣ್ಣ ರಕ್ತನಾಳಗಳೂ ನಿಧಾನ. ತಂಬಾಕು ಆ ರಕ್ತನಾಳಗಳನ್ನು ಇನ್ನಷ್ಟು ಬಿಗಿಯುತ್ತದೆ. ತಗ್ಗು ಆಳವೂ ಆಗುತ್ತದೆ, ಉದ್ದವೂ ಆಗುತ್ತದೆ. ಅಂಥವರಿಗೆ ನಾಲ್ಕನೇ ವಾರ ಹಲ್ಲು ಕೂರಿಸುವುದು ಎಂದರೆ ನಡುಗಾಲದಲ್ಲೇ ಭಾರ ಹೊರಿಸುವುದು.

ಎಲುಬು ಹಿಡಿದದ್ದು, ಹಿಡಿಯದೇ ಹೋದದ್ದು, ಈ ಎರಡು ಕೊನೆಗಳನ್ನೂ ನನ್ನ ಕೈಯಲ್ಲಿ ಹಿಡಿದು ನೋಡಿದ್ದೇನೆ. ವರ್ಷಗಳ ಹಿಂದೆ ಹಾಕಿದ, ಕೊರಳಲ್ಲಿ ಬಿರುಕು ಬಿಟ್ಟ ಇಂಪ್ಲಾಂಟ್ ಒಂದನ್ನು ಸುತ್ತಲಿನ ಎಲುಬು ಸಮೇತ ಕೊರೆದು ತೆಗೆಯಬೇಕಾಯಿತು. ಥ್ರೆಡ್‌ಗಳ ನಡುವಿನ ಎಲುಬನ್ನು ಉಪಕರಣದ ಮೊನೆಯಿಂದ ಕೆರೆದರೆ ಎಲುಬೇ ಪುಡಿಯಾಯಿತು, ಲೋಹದಿಂದ ಬೇರ್ಪಡಲಿಲ್ಲ. ಇನ್ನೊಂದು ನನ್ನ ಆರಂಭದ ವರ್ಷಗಳದ್ದು. ಗಟ್ಟಿ ಕೆಳದವಡೆಯಲ್ಲಿ ಸವೆದ ಡ್ರಿಲ್ ಬಳಸಿ, ನೀರು ಸಾಕಷ್ಟು ಬಿಡದೆ ಕೊರೆದಿದ್ದೆ. ಎಲುಬು 47 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ನಿಮಿಷ ಇದ್ದರೆ ಸಾಕು, ಅಲ್ಲಿನ ಕೋಶಗಳಿಗೆ ಹಾನಿ. ಐದನೇ ವಾರ ಆ ಇಂಪ್ಲಾಂಟ್ ಬೆರಳಲ್ಲಿ ತಿರುಗಿಸಿದರೆ ಹೊರಬಂತು, ಸುತ್ತ ತೆಳು ಗುಲಾಬಿ ಪೊರೆ. ಅದರ ಮೇಲ್ಮೈ ಆಗ ಸಿಗುತ್ತಿದ್ದ ಅತ್ಯುತ್ತಮವಾದದ್ದೇ. ತಪ್ಪು ನನ್ನದು. ಇನ್ನೊಮ್ಮೆ ಹಾಕಿಕೊಟ್ಟೆ, ಹಣ ತೆಗೆದುಕೊಳ್ಳಲಿಲ್ಲ. ಆದರೆ ಆ ತಾಯಿಗೆ ಎರಡು ಸಲ ನೋವಾಯಿತು ಎಂಬುದು ಇಂದಿಗೂ ಮನಸ್ಸಿನಲ್ಲಿದೆ. ಆದ್ದರಿಂದ ಕಂಪನಿಯ ಹೆಸರಿಗಿಂತ ಹಾಕುವ ಕೈಯನ್ನು ನೋಡಿ ಎಂದು ಎಲ್ಲರಿಗೂ ಹೇಳುತ್ತೇನೆ.

ಫ್ಲೋರೈಡ್ ಬಗ್ಗೆ. ಯಾದಗಿರಿ, ಕಲಬುರಗಿ ಭಾಗದ ಹಲವು ಊರುಗಳ ಬೋರ್ ನೀರಿನಲ್ಲಿ ಅದು ಹೆಚ್ಚಿದೆ, ನಿಮ್ಮ ಆತಂಕ ಸಹಜ. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ ಲೀಟರಿಗೆ 1 ಮಿಲಿಗ್ರಾಂ, ಬೇರೆ ದಾರಿಯೇ ಇಲ್ಲದಿದ್ದರೆ 1.5. ನೀರಿನಲ್ಲಿರುವ ಅಷ್ಟು ಫ್ಲೋರೈಡ್ ಟೈಟಾನಿಯಂ ಅನ್ನು ತಿನ್ನುವುದಿಲ್ಲ. ಟೈಟಾನಿಯಂಗೆ ತೊಂದರೆ ಕೊಡುವುದು ದಂತವೈದ್ಯರು ಹಚ್ಚುವ ಹುಳಿ ಗುಣದ, ಫ್ಲೋರೈಡ್ ಹೆಚ್ಚಿರುವ ಜೆಲ್. ಇಂಪ್ಲಾಂಟ್ ಇದ್ದವರಿಗೆ ಅದನ್ನು ಹಚ್ಚಬಾರದು. ದಿನದ ಟೂತ್‌ಪೇಸ್ಟ್ ನಡೆಯುತ್ತದೆ. ಹಲವು ವರ್ಷ ಇಂಥ ನೀರು ಕುಡಿದವರ ಎಲುಬು ಸ್ಕ್ಯಾನ್‌ನಲ್ಲಿ ದಟ್ಟವಾಗಿ ಕಂಡರೂ ಗುಣದಲ್ಲಿ ಪೆಡಸಾಗಿರಬಹುದು. ಅವ್ವನಿಗೆ ಬೆನ್ನು, ಮೊಣಕಾಲು ಬಿಗಿತ ಇದ್ದರೆ ಮುಚ್ಚಿಡದೆ ಡಾಕ್ಟರಿಗೆ ಹೇಳಿ, ಕೊರೆಯುವಾಗ ಅವರು ವೇಗ ಕಡಿಮೆ ಇಟ್ಟು ನೀರು ಹೆಚ್ಚು ಬಿಡುತ್ತಾರೆ. ಅದಕ್ಕಿಂತ ಮುಖ್ಯ ಇನ್ನೊಂದು: ಎಲುಬು ಸವೆತಕ್ಕೆಂದು ಅವ್ವನಿಗೆ ಯಾರಾದರೂ ವರ್ಷಕ್ಕೊಮ್ಮೆಯ ಇಂಜೆಕ್ಷನ್ ಅಥವಾ ವಾರಕ್ಕೊಮ್ಮೆಯ ಮಾತ್ರೆ ಕೊಟ್ಟಿದ್ದಾರೆಯೇ? ಕೊಟ್ಟಿದ್ದರೆ ಚೀಟಿ ತೋರಿಸದೆ ದವಡೆಗೆ ಕೈ ಹಾಕಿಸಬೇಡಿ. ಆ ಔಷಧಿ ತೆಗೆದುಕೊಂಡವರಲ್ಲಿ, ಅಪರೂಪಕ್ಕಾದರೂ, ದವಡೆಯ ಗಾಯ ಮಾಯದೆ ಎಲುಬು ಸಾಯುವ ತೊಂದರೆ ಇದೆ.

ಇನ್ನು ದಾರಿಗಳು. ಹಿಂದೆ ಆಧಾರದ ಹಲ್ಲು ಇಲ್ಲದ್ದರಿಂದ ಬ್ರಿಜ್ ಆಗುವುದಿಲ್ಲ. ತೆಗೆದು ಹಾಕುವ ಸೆಟ್ ಅಗ್ಗ, ಚುಚ್ಚಿ ಕೊರೆಯುವುದಿಲ್ಲ. ಆದರೆ ಕೆಳದವಡೆಯ ಒಂದೇ ಬದಿಗೆ ಹಾಕಿದ ಸೆಟ್ ಅಲುಗುತ್ತದೆ, ರೊಟ್ಟಿ ತಿನ್ನುವವರು ಬಹಳ ಜನ ಅದನ್ನು ಡಬ್ಬಿಯಲ್ಲೇ ಇಟ್ಟುಬಿಡುತ್ತಾರೆ. ಏನೂ ಮಾಡದೆ ಬಿಟ್ಟರೆ ಮೇಲಿನ ಹಲ್ಲು ಖಾಲಿ ಜಾಗಕ್ಕೆ ಇಳಿಯುತ್ತದೆ. ಒಂದೂವರೆ ವರ್ಷದಲ್ಲಿ ಈಗಾಗಲೇ ಸ್ವಲ್ಪ ಇಳಿದಿರಬಹುದು, ಇಂಪ್ಲಾಂಟ್ ಮೇಲೆ ಕೂರಿಸುವ ಹಲ್ಲಿಗೆ (ಕ್ಯಾಪ್) ಜಾಗ ಉಳಿದಿದೆಯೇ ಎಂದು ಅಳೆಸಿ. ಬಾಯಿ ಎಷ್ಟು ತೆರೆಯುತ್ತದೆ ಎಂಬುದನ್ನೂ ನೋಡಿಸಿ. ಅಡಿಕೆ-ತಂಬಾಕಿನಿಂದ ಒಳಗೆನ್ನೆ ಬಿಗಿದು ಮೂರು ಬೆರಳು ಹೋಗದಂತಾಗಿದ್ದರೆ ಕೊನೆಯ ಹಲ್ಲಿನ ಜಾಗಕ್ಕೆ ಡ್ರಿಲ್ ನೇರವಾಗಿ ಹೋಗುವುದೇ ಇಲ್ಲ, ಆಗ ಮೊದಲು ಅದಕ್ಕೆ ಚಿಕಿತ್ಸೆ.

ನನ್ನ ಅವ್ವ ಆಗಿದ್ದರೆ ನಾನು ಹೀಗೆ ಮಾಡುತ್ತಿದ್ದೆ. ಈಗ ಯಾವ ಇಂಪ್ಲಾಂಟೂ ಬೇಡ. ಮೂರು ತಿಂಗಳು ಶುಗರ್ ಡಾಕ್ಟರ ಹತ್ತಿರ ಕೆಲಸ ಮಾಡಿ 8.4 ಅನ್ನು 7ರ ಆಸುಪಾಸಿಗೆ ತರುವುದು, ತಂಬಾಕು ಬಿಡಿಸುವುದು, ಉಳಿದ ಹಲ್ಲುಗಳ ಒಸಡು ಸ್ವಚ್ಛ ಮಾಡಿಸುವುದು. ಆಮೇಲೆ ಸಿಬಿಸಿಟಿ ಸ್ಕ್ಯಾನ್ (ದವಡೆಯನ್ನು ಮೂರು ಆಯಾಮದಲ್ಲಿ ತೋರಿಸುವ ಎಕ್ಸ್-ರೇ) ಮಾಡಿಸಿ, ಕೆಳಗಿನ ನರದಿಂದ ಎಷ್ಟು ಎತ್ತರ ಎಲುಬಿದೆ ನೋಡಿ, ಕಲಬುರಗಿಯಲ್ಲೇ 28,000ದ ಸ್ಯಾಂಡ್ ಬ್ಲಾಸ್ಟ್-ಆಸಿಡ್ ಇಂಪ್ಲಾಂಟ್ ಹಾಕಿಸಿ, 12 ವಾರ ಕಾಯುತ್ತಿದ್ದೆ. ಒಳ್ಳೆಯ ದಾಖಲೆಯಿರುವ ಇಂಥ ಇಂಪ್ಲಾಂಟ್‌ಗಳಲ್ಲಿ ಹತ್ತು ವರ್ಷದ ನಂತರವೂ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಬಾಯಲ್ಲಿ ಉಳಿದಿರುತ್ತವೆ. ಸ್ಕ್ಯಾನ್‌ನಲ್ಲಿ ಎಲುಬು ಮೆದು ಎಂದು ಕಂಡರೆ, ಗಿಡ್ಡ ಇಂಪ್ಲಾಂಟೇ ಹಾಕಬೇಕಾಗಿ ಬಂದರೆ, ಎಷ್ಟು ಪ್ರಯತ್ನಪಟ್ಟರೂ ಶುಗರ್ 8ರ ಕೆಳಗೆ ಇಳಿಯದಿದ್ದರೆ, ಆಗ ಸಲೈನ್‌ನಲ್ಲಿಟ್ಟ ಮೇಲ್ಮೈಗೆ ಹಣ ಹಾಕುವುದರಲ್ಲಿ ಅರ್ಥವಿದೆ. ಆದರೆ ನಾಲ್ಕು ವಾರಕ್ಕೆ ಹಲ್ಲು ಬೇಕೆಂದು ಅಲ್ಲ, ಎಂಟು-ಹತ್ತು ವಾರ ಕಾದೂ ಸುರಕ್ಷಿತವಾಗಿರಲಿ ಎಂದು. ಖರ್ಚು ಇನ್ನೂ ಭಾರ ಅನ್ನಿಸಿದರೆ ಕಲಬುರಗಿಯ ದಂತ ವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ. ಸಂಕೋಚ ಬೇಡ, ನಾವೆಲ್ಲ ಕೆಲಸ ಕಲಿತದ್ದು ಅಂಥಲ್ಲಿಯೇ.

ಹಾಕುವ ದಿನ ಪ್ಯಾಕೆಟ್ ನಿಮ್ಮೆದುರೇ ಒಡೆಯಲಿ. ಒಳಗಿರುವ ಸ್ಟಿಕರ್‌ನಲ್ಲಿ ಕಂಪನಿ, ಅಳತೆ, ಲಾಟ್ ನಂಬರ್ ಇರುತ್ತದೆ, ಅದನ್ನು ನಿಮ್ಮ ಫೈಲಿಗೆ ಅಂಟಿಸಿಕೊಳ್ಳಿ. ಹತ್ತು ವರ್ಷದ ಮೇಲೆ ಒಂದು ಸ್ಕ್ರೂ ಸಡಿಲಾದರೆ ಬೇಕಾಗುವುದು ಅದೇ ನಂಬರ್. ಡಾಕ್ಟರು ಸೀಸೆಯಿಂದ ತೆಗೆದ ಇಂಪ್ಲಾಂಟನ್ನು ಗ್ಲೌಸ್‌ಗಾಗಲಿ ಎಂಜಲಿಗಾಗಲಿ ತಾಗಿಸದೆ ನೇರ ಎಲುಬಿಗೆ ಇಳಿಸುತ್ತಾರೆ. ಮಾತು ಬೇಡ, ಆ ಅರ್ಧ ನಿಮಿಷ ಅವರನ್ನು ಅವರ ಕೆಲಸಕ್ಕೆ ಬಿಡಿ.

ಅವ್ವನಿಗೆ ಹೇಳಿ: ಖಡಕ್ ರೊಟ್ಟಿ ಕಡೀಲಿಕ್ಕೆ ಬರ್ತದ. ಆದರೆ ಇಂಪ್ಲಾಂಟ್ ಹಾಕಿದ ಮೇಲೆ 12 ವಾರ ಮೆದು ರೊಟ್ಟಿ, ಅದೂ ಬೇಳೆ ಸಾರಿನಲ್ಲಿ ನೆನೆಸಿ, ಎಡಗಡೆಯಿಂದ. ಕ್ಯಾಪ್ ಕೂರಿಸಿದ ಮೇಲೂ ಮೊದಲ ಹದಿನೈದು ದಿನ ಮೆದುವಾದದ್ದೇ ಇರಲಿ. ಆಮೇಲೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಎರಡೂ ಬಲಗಡೆಯಿಂದಲೇ ತಿನ್ನಲಿ, ತಿಂದ ಮೇಲೆ ಬ್ರಷ್ ಮಾಡಲಿ. ಶುಗರ್ ರಿಪೋರ್ಟ್ ಬಂದ ದಿನ ಅಂಕಿ ಎಷ್ಟಿದೆ ಎಂದು ನನಗೊಂದು ಸಾಲು ಬರೆಯಿರಿ.